ಉಲ್ಟಾ ಕಾಕಾ

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ, ಈ ಐದರಲ್ಲಿ ಯಾವ ಊರಿಗೆ ಹೋದರೂ ಒಬ್ಬ ಉಲ್ಟಾ ಕಾಕಾ ಇದ್ದೇ ಇರುತ್ತಾನೆ. ಜಾತ್ರೆಗೆ ಪಟ್ಟಿ ಎತ್ತುವಾಗ ಎಲ್ಲರೂ ಹೂಂ ಅಂದಮೇಲೆ, ‘ಡಿಜೆ ಯಾಕ ಬೇಕು, ಊರಾಗ ಹಲಗಿ ಇಲ್ಲೇನು?’ ಎಂದು ಕೇಳುವವನೇ ಅವನು. ಅಪ್ಪ-ಅವ್ವ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಷ್ಟೇ ಉಳಿದಿರುತ್ತದೆ. ನಾನು ಹೇಳುತ್ತಿರುವುದು ಶಹಾಬಾದಿನ ಕಾಕಾನ ಕಥೆ. ಉಳಿದ ನಾಲ್ಕೂರಿನವರು ತಮ್ಮವನನ್ನು ನೆನೆದು ಓದಿಕೊಳ್ಳಲು ಅಡ್ಡಿಯಿಲ್ಲ.

ಶಹಾಬಾದಿ ಫರ್ಸಿ ಪುಣೆ-ಮುಂಬೈ ಅಂಗಳಗಳಿಗೆಲ್ಲ ಹೋಗಿ ಹಾಸಿಕೊಂಡಿದೆ. ಶಹಾಬಾದಿನ ಮನೆಗಳಲ್ಲಿ ಮಾತ್ರ ಈಗ ಗುಜರಾತಿನ ಮೋರಬಿ ಟೈಲ್ಸ್ ಮಿಂಚುತ್ತವೆ. ‘ನಮ್ಮ ಕಲ್ಲು ಆ ಕಡಿ ಹೊಂಟದ, ಅವರ ಟೈಲ್ಸ್ ಈ ಕಡಿ ಬರ್ಲತ್ತಾವ. ನಡುವ ಲಾರಿ ಇಟ್ಟಾಂವ ಶ್ರೀಮಂತ ಆಗ್ಲತ್ತಾನ’ ಎನ್ನುವ ಕಾಕಾನ ಮನೆಯಲ್ಲಿ ನೆಲ, ಮೆಟ್ಟಿಲು, ಅಡುಗೆಕಟ್ಟೆ ಎಲ್ಲವೂ ಫರ್ಸಿ. ಲಗ್ನಕ್ಕೆ ಮುಂಚೆ ಟೈಲ್ಸ್ ಹಾಕಿಸೋಣ, ಬೀಗರು ಏನಂದಾರು ಎಂದು ಮಗ ಗೋಗರೆದ. ‘ಬೀಗರು ಹುಡುಗನ್ನ ನೋಡ್ಲಾಕ ಬರ್ತಾರೋ, ನೆಲಾ ನೋಡ್ಲಾಕ ಬರ್ತಾರೋ?’ ಬೀಗರು ಬಂದದ್ದು ಮೇ ತಿಂಗಳಲ್ಲಿ, ಕರೆಂಟಿಲ್ಲದ ಹೊತ್ತಿನಲ್ಲಿ. ಹೋಳಿಗೆ ಉಂಡು, ಹಾಸಿದ ಜಮಖಾನೆ ಸರಿಸಿ, ಬರೀ ಫರ್ಸಿ ಮೇಲೆ ಬೆನ್ನು ಚೆಲ್ಲಿದವರು ಸಂಜೆ ಐದಕ್ಕೆ ಎದ್ದರು. ಲಗ್ನ ಗಟ್ಟಿಯಾಯಿತು.

ಹೊಲದಲ್ಲೂ ಇದೇ ಹಾಡು. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಸುತ್ತಲಿನವರು ಬದುವಿನ ತನಕ ತೊಗರಿ ಬಿತ್ತಿದರೂ ಕಾಕಾ ಅರ್ಧ ಹೊಲಕ್ಕೆ ಜೋಳವನ್ನೇ ಬಿತ್ತಿದ. 2022ರಲ್ಲಿ ನೆಟೆರೋಗ ಬಂದು ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿದಾಗ ಅವನ ಅರ್ಧ ಹೊಲವೂ ಒಣಗಿತು, ಇನ್ನರ್ಧ ಉಳಿಯಿತು. ‘ನಿನಗ ಮೊದಲೇ ಗೊತ್ತಿತ್ತೇನು ಕಾಕಾ?’ ಎಂದು ಜನ ಭಕ್ತಿಯಿಂದ ಕೇಳಿದರು. ‘ಗೊತ್ತಿದ್ರ ಪೂರಾ ಜೋಳಾನೇ ಬಿತ್ತತಿದ್ದಿಲ್ಲೇನು? ರೊಟ್ಟಿ ತಿಂತೀನಿ, ಅದಕ್ಕ ಜೋಳ ಬಿತ್ತೀನಿ.’

ಚಿಂಚೋಳಿಗೆ ಮಗಳನ್ನು ಕೊಟ್ಟಿದ್ದಾನೆ. ಅಲ್ಲಿಗೆ ರೈಲಿಲ್ಲ. ಮಂದಿಯೆಲ್ಲ ಜೀಪು ಹತ್ತಿದರೆ ಕಾಕಾ ರೈಲಿನಲ್ಲಿ ವಾಡಿಗೆ ಹೋಗಿ, 1874ರಲ್ಲಿ ನಿಜಾಮನ ಕಾಲಕ್ಕೆ ಶುರುವಾದ ಸಿಕಂದರಾಬಾದ್ ಲೈನಿನ ಗಾಡಿ ಹಿಡಿದು, ಚಿತ್ತಾಪುರ ದಾಟಿ, ಸೇಡಂನಲ್ಲಿಳಿದು ಬಸ್ಸು ಹತ್ತುತ್ತಾನೆ. ಮಳಖೇಡ ಬಂದಾಗ ಎದುರಿಗೆ ಕೂತವರಿಗೆ ಉಪದೇಶ ತಪ್ಪಿದ್ದಲ್ಲ. ‘ಇಲ್ಲಿ ಅಮೋಘವರ್ಷ ಅಂತ ರಾಜಾ ಇದ್ದ. ಉಳಿದ ರಾಜರು ಕತ್ತಿ ಮಸೀತಿದ್ರ ಇವ ಪುಸ್ತಕ ಹಿಡ್ಕೊಂಡು ಕುಂತ. ಅರವತ್ತು ವರ್ಷದ ಮ್ಯಾಲ ಆಳಿದ!’ ಮೊಬೈಲ್ ಮಾತ್ರ ಒಲ್ಲೆ. ಗಾಡಿ ನಾಲ್ಕು ತಾಸು ತಡವೆಂದು ಪ್ಲಾಟ್‌ಫಾರ್ಮಿನ ಹುಡುಗರಿಗೆಲ್ಲ ಗೊತ್ತಿದ್ದರೂ ಕಾಕಾ ವಾಡಿಯಲ್ಲಿ ಹಳಿಯನ್ನೇ ದಿಟ್ಟಿಸುತ್ತ ಕೂತಿರುತ್ತಾನೆ. ಮನೆಯಲ್ಲಿ ಕಾಕು ರೊಟ್ಟಿ ಬಡಿದಿಟ್ಟು ದಾರಿ ಕಾಯುತ್ತಾಳೆ.

ಈಚೆಗೆ ಗಾಳಿ ತಿರುಗಿತು. ಬೆಂಗಳೂರಿನಿಂದ ಬಂದ ಮೊಮ್ಮಗನ ಗೆಳೆಯರು ಫರ್ಸಿಯ ಮೇಲೆ ಕೂತು, ಮಲಗಿ, ಅಂಗಾತ ಬಿದ್ದು ಸೆಲ್ಫಿ ತೆಗೆದರು. ಓಣಿಯಲ್ಲಿ ಹೊಸ ಮನೆ ಕಟ್ಟುವವರು ಫರ್ಸಿಯ ರೇಟು ಕೇಳತೊಡಗಿದರು. ‘ಎಲ್ಲಾರೂ ಫರ್ಸಿ ಹಾಕಿದ್ರ ಕಾಕಾ ಇನ್ನ ಟೈಲ್ಸ್ ಹಾಕ್ತಾನ ನೋಡ್ರಿ!’ ಎಂದು ಚಹಾದಂಗಡಿಯಲ್ಲಿ ತಲೆಗೆ ನೂರರಂತೆ ಬಾಜಿ ಬಿತ್ತು. ಕೊನೆಗೆ ಕಾಕಾನನ್ನೇ ಕರೆದು ಕೇಳಿದರು.

‘ಮಂದಿ ಬಿಟ್ಟಾಗ ನಾ ಬಿಡ್ಲಿಲ್ಲ. ಮಂದಿ ಹಿಡದಾರಂತ ಯಾಕ ಬಿಡ್ಲಿ? ಮಂದೀನ ನೋಡಿ ಉಲ್ಟಾ ಮಾಡಿದ್ರೂ ಮಂದೀನ ನೋಡೇ ಮಾಡಿದಂಗ ಆತಲ್ಲೋ ತಮ್ಮಾ.’

ಅಂಗಡಿ ಗಪ್ಪಾಯಿತು. ‘ಹಾಕಂಗಿಲ್ಲ’ ಎಂದು ಬಾಜಿ ಕಟ್ಟಿದ್ದವರು ಒಬ್ಬರೇ: ಮೊಮ್ಮಗನ ಕೈಯಲ್ಲಿ ನೂರು ರೂಪಾಯಿ ಕಳಿಸಿದ್ದ ಕಾಕು. ಗೆದ್ದ ದುಡ್ಡಿನಲ್ಲಿ ಅವಳು ಕೀಪ್ಯಾಡ್ ಮೊಬೈಲ್ ತರಿಸಿಕೊಂಡಳು. ಕಾಕಾ ಹುಬ್ಬು ಗಂಟಿಕ್ಕಿದ್ದನ್ನು ಕಂಡು, ‘ಯಾಕ, ಈ ಮನ್ಯಾಗ ಹಠ ಅನ್ನೂದು ನಿಮ್ಮೊಬ್ಬರಿಗೇ ಕೊಟ್ಟಾರೇನು?’ ಅಂದಳು.