ಮೊದಲು ಮನೆಗೆ

ನಮ್ಮ ಹಿತ್ತಲಿಗೂ ದೊಡ್ಡವ್ವನ ಹಿತ್ತಲಿಗೂ ನಡುವೆ ಬಳ್ಳಾರಿ ಜಾಲಿಯ ಮುಳ್ಳಿನ ಬೇಲಿ. ಮಳೆಗಾಲದಲ್ಲಿ ಅದರ ಮೇಲೆ ಹಾಗಲಬಳ್ಳಿ ಹಬ್ಬಿ ಆಚೆಯ ಮುಖ ಕಾಣುವುದಿಲ್ಲ. ಶಿವರಾತ್ರಿ ದಾಟಿ ಬಳ್ಳಿ ಒಣಗಿ, ಮುಳ್ಳುಕಟ್ಟಿಗೆ ಅಷ್ಟಿಷ್ಟು ಒಲೆಗೂ ಹೋಗಿ, ಫಾಲ್ಗುಣದ ಹೊತ್ತಿಗೆ ಬೇಲಿ ತೆಳ್ಳಗಾಗುತ್ತದೆ, ಮಾತು ದಪ್ಪಗಾಗುತ್ತದೆ. "ಯವ್ವಾ, ಕಾಯಿ ಒಣಗಿದ್ವೇನು?" ಅನ್ನುವುದರಿಂದಲೇ ದೊಡ್ಡವ್ವನ ಬೆಳಗು ಶುರು. "ಇನ್ನೆರಡು ಬಿಸಿಲು ಬೇಕು ದೊಡ್ಡವ್ವಾ" ಅಂದರೆ ಸುಮ್ಮನಾಗುವವಳಲ್ಲ. ಸೆರಗು ಸಿಕ್ಕಿಸಿಕೊಂಡು, ದಣಪೆ ಸರಿಸಿ, ತಾನೇ ನೋಡಲು ಬರುತ್ತಾಳೆ.

ನಮ್ಮೂರು ಬಾದನಹಟ್ಟಿಯಲ್ಲಿ ವಸಂತ ಬಂತೆಂದು ಮೊದಲು ಹೇಳುವುದು ಮಾವಿನ ಚಿಗುರಲ್ಲ, ಕಣದ ಮೆಣಸಿನಕಾಯಿ ಘಾಟು. ಬಿಡಿಸಿ ತಂದ ಕಾಯನ್ನು ಅವತ್ತೇ ಹರಡುವುದಿಲ್ಲ. ಗುಡ್ಡೆ ಹಾಕಿ ಮುಚ್ಚಿಟ್ಟರೆ ಅರೆಗೆಂಪಾಗಿದ್ದವೂ ಬಣ್ಣ ತಿರುಗುತ್ತವೆ. ಆಮೇಲೆ ತೆಳ್ಳಗೆ ಹರವಿ, ದಿನಾ ಕೈಯಾಡಿಸಿ, ಸಂಜೆಯಾದರೆ ಕೂಡಿಹಾಕಿ ತಾಡಪಾಲು ಹೊದಿಸಬೇಕು. ತೇವ ಕುಡಿದ ಕಾಯಿ ಬಿಳಿಚುತ್ತದೆ, ಬಿಳಿಚಿದ್ದಕ್ಕೆ ದರ ಇಲ್ಲ. ದೊಡ್ಡವ್ವ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲುಗಿಸುತ್ತಾಳೆ. ಬೀಜ ಗಲಗಲ ಅಂದರೆ ಅರ್ಧ ಒಪ್ಪಿಗೆ. ಇನ್ನರ್ಧ ತೊಟ್ಟಿನ ಬುಡದಲ್ಲಿರುತ್ತದೆ. ಅಲ್ಲಿ ಹೆಬ್ಬೆರಳು ಊರಿ ಒತ್ತುತ್ತಾಳೆ. ಕಾಯಿ ಕೊನೆಗೆ ಒಣಗುವುದು ಅಲ್ಲೇ. ಆ ಜಾಗ ಮೆತ್ತಗಿದ್ದರೆ ಚೀಲದೊಳಗೆ ಬೂಸ್ಟು ಹಿಡಿಯುತ್ತದೆ. ಹಾಗಂತ ತೀರಾ ಒಣಗಿಸಿದರೆ ತುಂಬುವಾಗ ಮುರಿದು ಬೀಜವೆಲ್ಲ ನೆಲಕ್ಕೆ. ಅದಕ್ಕೇ ಚೀಲ ತುಂಬುವ ಕೆಲಸ ನಸುಕಿನಲ್ಲಿ, ತಂಪಿಗೆ ಸಿಪ್ಪೆ ಮಣಿಯುವ ಹೊತ್ತಿನಲ್ಲಿ.

ಕೈಯ ಉರಿ ಮಾತ್ರ ಹೆಂಗಸರ ಪಾಲು. ತೊಟ್ಟು ಬಿಡಿಸಿದ ಕೈಗೆ ಹೊಸಬರು ತಣ್ಣೀರು ಸುರಿದುಕೊಳ್ಳುತ್ತಾರೆ, ಉರಿ ಕಡಿಮೆಯಾಗುವುದಿಲ್ಲ. ಮೆಣಸಿನಕಾಯಿಯ ಖಾರ ನೀರಿಗೆ ಕರಗುವಂಥದ್ದಲ್ಲ, ಎಣ್ಣೆಗೆ ಕರಗುತ್ತದೆ. ಕೂಲಿಗೆ ಬರುವ ಹೆಂಗಸರು ಕಣಕ್ಕೆ ಕೂರುವ ಮೊದಲೇ ಅಂಗೈಗೆ ಕೊಬ್ಬರಿಎಣ್ಣೆಯನ್ನೋ ಹರಳೆಣ್ಣೆಯನ್ನೋ ಸವರಿಕೊಳ್ಳುತ್ತಾರೆ. ಎಣ್ಣೆ ಬಾಟಲಿ ಕಣದ ಯಜಮಾನಿ ಇಡಬೇಕು ಅನ್ನುವುದು ದೊಡ್ಡವ್ವನ ಕಟ್ಟುನಿಟ್ಟು. ನಾನೂ ಇಡುತ್ತೇನೆ. ಎಲ್ಲ ಕಣದಲ್ಲೂ ಇಡಬೇಕು.

ಇಷ್ಟು ಮಾಡಿದ ಮೇಲೆ ಮಾರೋಕೆ ಎಲ್ಲಿಗೆ? ಬ್ಯಾಡಗಿಗೆ. ನಮ್ಮಿಂದ ಇನ್ನೂರು ಕಿಲೋಮೀಟರಿನ ಆಸುಪಾಸು. ಬೆಳೆಯುವುದು ಇಲ್ಲಿ, ಮಾರುವುದು ಅಲ್ಲಿ. ಬಳ್ಳಾರಿಯಲ್ಲೇ ಒಂದು ದೊಡ್ಡ ಮೆಣಸಿನಕಾಯಿ ಮಾರುಕಟ್ಟೆ ಬೇಕೆಂದು ಈ ಕಡೆಯ ರೈತರು ಕೇಳುತ್ತಲೇ ಬಂದಿದ್ದಾರೆ. ಲಾರಿ ಬಾಡಿಗೆ, ಹಮಾಲಿ, ಅಲ್ಲಿ ಕಾಯುವ ಖರ್ಚು ಎಲ್ಲ ಕೈಯಿಂದ ಹೋದ ಮೇಲೆ ಅವತ್ತಿನ ದರ ಬಿದ್ದಿದ್ದರೆ ಚೀಲ ವಾಪಸು ತರಲಿಕ್ಕಾಗುತ್ತದೆಯೇ? 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ದರ ಕುಸಿಯಿತೆಂದು ರೈತರು ರೊಚ್ಚಿಗೆದ್ದು, ಎಪಿಎಂಸಿ ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ಟಿವಿಯಲ್ಲಿ ನೋಡಿದೆವು. ಬೆಂಕಿ ಹಚ್ಚಿದ್ದು ತಪ್ಪೇ. ಆದರೆ ಆ ಸಂಕಟ ನಮಗೆ ಹೊರಗಿನದಲ್ಲ. ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಕಾಯೋಣ ಅಂದರೆ ಬಾಡಿಗೆ ಬೆಳೆಯುತ್ತದೆ, ಸಾಲದ ಬಡ್ಡಿಯೂ ಬೆಳೆಯುತ್ತದೆ.

ಈ ಮಾತು ಬಂದಾಗಲೆಲ್ಲ ದೊಡ್ಡವ್ವ ಒಂದೇ ಕಡೆ ಬಂದು ನಿಲ್ಲುತ್ತಾಳೆ: "ಪ್ಯಾಟಿ ಏನರ ಮಾಡ್ಕೊಳ್ಳಿ. ಮೊದ್ಲು ಮನಿಗೆ ತಗದಿಟ್ಟೇನು?" ಆಕೆಯ ಮನೆಯಲ್ಲಿ ಚೀಲಕ್ಕೆ ಹೊಲಿಗೆ ಹಾಕುವ ಮೊದಲು ಮನೆಯ ಪಾಲು ಪಕ್ಕಕ್ಕೆ ಬರಬೇಕು, ಅದೂ ಕಣದ ನಡುವಿನ ಚೆಂದದ ಕಾಯಿ. ಬಹಳ ಮನೆಗಳಲ್ಲಿ ಈಗ ಉಲ್ಟಾ. ಒಳ್ಳೆಯದು ಲಾರಿಗೆ, ಮುರಿದದ್ದು, ಬಿಳಿಚಿದ್ದು ಒರಳಿಗೆ. ಬೆಳೆದವರ ಮಕ್ಕಳು ಹೊಟ್ಟುಗಾಯಿ ಖಾರ ಯಾಕೆ ತಿನ್ನಬೇಕು ಅನ್ನುತ್ತಾಳೆ ಆಕೆ, ಅದು ಸರಿಯಾದ ಪ್ರಶ್ನೆ. ವರ್ಷದ ಖಾರಪುಡಿಯ ಜೊತೆಗೆ ಬೀಜಕ್ಕೂ ಒಂದಿಷ್ಟು. ನಾಟಿ ತಳಿಯಾದ ಡಬ್ಬಿ ಕಾಯಿಯಲ್ಲಿ ಸುಕ್ಕು ಹೆಚ್ಚಿರುವ, ಬಣ್ಣ ಗಾಢವಾಗಿರುವ ಕಾಯಿಗಳನ್ನು ಆರಿಸಿ ಬೀಜಕ್ಕೆ ಇಡಬಹುದು. ಹೈಬ್ರಿಡ್ ಬೀಜ ಹಾಗಲ್ಲ. ಅದರ ಬೀಜ ಉಳಿಸಿ ಬಿತ್ತಿದರೆ ಮರುವರ್ಷ ತಾಯಿಗಿಡದಂಥ ಬೆಳೆ ಬರುವುದಿಲ್ಲ, ಪ್ರತಿವರ್ಷ ಅಂಗಡಿಗೇ ಹೋಗಬೇಕು. ಇಳುವರಿ ಹೈಬ್ರಿಡ್ಡಿನಲ್ಲಿ ಹೆಚ್ಚು, ಅದನ್ನು ದೊಡ್ಡವ್ವನೂ ಒಪ್ಪುತ್ತಾಳೆ. ಆದರೂ ಆಕೆಯ ಹೊಲದ ಒಂದು ಪಟ್ಟಿ ಡಬ್ಬಿಯದೇ.

ಜೋಳದ ವಿಷಯ ಇನ್ನೂ ಮನಸ್ಸಿಗೆ ನಾಟುವಂಥದ್ದು. ಮೂರು ಹೊತ್ತೂ ರೊಟ್ಟಿ ತಿನ್ನುವ ಊರು ನಮ್ಮದು. ಕಾಲುವೆ ನೀರು ಬಂದಮೇಲೆ ನೆಲ್ಲು, ಮೆಣಸಿನಕಾಯಿ, ಹತ್ತಿ ಹೆಚ್ಚಿ, ಜೋಳದ ಚೀಲವನ್ನು ಅಂಗಡಿಯಿಂದ ಹೊತ್ತು ತರುವ ಮನೆಗಳು ಹೆಚ್ಚಾದವು. ಜೋಳ ಹೋದರೆ ಸೊಪ್ಪೆಯೂ ಹೋಯಿತು, ಸೊಪ್ಪೆ ಹೋದರೆ ಎಮ್ಮೆ ಹೋಯಿತು. ದೊಡ್ಡವ್ವನ ಹಿತ್ತಲಲ್ಲಿ ಬಣವೆ ಇನ್ನೂ ಇದೆ. ಆಕೆಯ ಮಜ್ಜಿಗೆ ಬೇಲಿ ದಾಟಿ ನಮ್ಮ ಮನೆಗೆ ಬರುವುದೂ ಆ ಬಣವೆಯ ದೆಸೆಯಿಂದ.

ಕಾಲುವೆಯನ್ನು ನಾನು ಬೈಯುವುದಿಲ್ಲ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು ಈ ಎರೆನೆಲದ ಹಣೆಬರಹ ಬದಲಿಸಿತು. ಆದರೆ ಅದಕ್ಕೂ ವಯಸ್ಸಾಗಿದೆ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105ರ ಹತ್ತಿರಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಊರಿಗೆ ಊರೇ ನಿದ್ದೆಗೆಟ್ಟಿತ್ತು. ಆಮೇಲೆ ಗೇಟುಗಳನ್ನೆಲ್ಲ ಬದಲಿಸುವ ಕೆಲಸಕ್ಕಾಗಿ ಬೇಸಿಗೆಯ ಎರಡನೇ ಬೆಳೆಗೆ ನೀರಿಲ್ಲವೆಂದು 2025ರ ಕೊನೆಗೆ ತೀರ್ಮಾನವಾಯಿತು. ಗೇಟು ಬದಲಾಗಲೇಬೇಕು, ನಿಜ. ಕಾಲುವೆಯನ್ನೇ ನೆಚ್ಚಿದ ಮನೆಗೆ ಅಂಥ ಬೇಸಿಗೆ ಬಲು ಉದ್ದ.

ಹಿಂಗಾರಿ ಬಿಳಿಜೋಳಕ್ಕೆ ಆ ನೀರಿನ ಹಂಗಿಲ್ಲ. ಹಿಂಗಾರಿನ ಹದಕ್ಕೆ ಬಿತ್ತಿದರೆ ಎರೆಮಣ್ಣು ಒಳಗೆ ಹಿಡಿದಿಟ್ಟ ತೇವದಲ್ಲೇ ಬೆಳೆದು ಮಾಘ-ಫಾಲ್ಗುಣಕ್ಕೆ ತೆನೆ ಕೊಡುತ್ತದೆ. ನಡುನಡುವೆ ಅಕ್ಕಡಿ ಸಾಲಿಗೆ ಕಡಲೆ, ಹೊಲದ ಅಂಚಿಗೆ ಸುತ್ತಲೂ ಕುಸುಬೆ. ಕುಸುಬೆ ಎಲೆಯ ಮುಳ್ಳಿಗೆ ದನ ಮೂತಿ ಹಾಕುವುದಿಲ್ಲ, ಬೇಲಿಯೂ ಅದೇ, ಅಡುಗೆಯ ಎಣ್ಣೆಯೂ ಅದೇ. ಜೋಳದ ಬೀಜಕ್ಕೆ ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಗಡಿಗೆಯಲ್ಲಿಟ್ಟರೆ ಹುಳ ಬರುವುದಿಲ್ಲ.

ಹೋಳಿ ಹುಣ್ಣಿಮೆಗೆ ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ತೇರು, ಅಲ್ಲಿಂದ ಹದಿನೈದು ದಿನಕ್ಕೆ ಉಗಾದಿ. ಕಣ ಖಾಲಿಯಾಗಬೇಕು, ಖಾರ ಕುಟ್ಟಿಸಬೇಕು, ಹುಣಸೆಹಣ್ಣು ಬಡಿದು ಬೀಜ ತೆಗೆಯಬೇಕು, ಶಂಡಿಗೆ ಹಾಕಬೇಕು. ತೇರಿನ ದಿನ ಮಾತ್ರ ಯಾರ ಕಣದಲ್ಲೂ ಕೆಲಸವಿಲ್ಲ. ಒಂದೇ ಕಲ್ಲಿನ ಆ ದೊಡ್ಡ ಬಸವಣ್ಣನಿಗೆ ಕಾಯಿ ಒಡೆಸಿ, ಬಯಲಲ್ಲಿ ಕೂತು ವಗ್ಗರಣಿ-ಮಿರ್ಚಿ ತಿಂದು ಬರುವಾಗ ದಾರಿಯುದ್ದಕ್ಕೂ ಮಾತು ಮತ್ತೆ ಹೊಲದ್ದೇ.

ಈ ಸಲ ಆ ದಾರಿಯಲ್ಲೇ ನಮ್ಮ ಮನೆಯವರು ಮುಂದಿನ ಹಿಂಗಾರಿಗೆ ಒಂದು ಎಕರೆ ಜೋಳಕ್ಕೆ ಬಿಡೋಣ ಎಂದು ಒಪ್ಪಿದರು. ಮರುದಿನವೇ ದೊಡ್ಡವ್ವನಿಗೆ ಹೇಳಿದೆ. "ಬೀಜ ನಾ ಕೊಡ್ತೀನಿ, ಕುಸುಬಿನೂ ಕೊಡ್ತೀನಿ. ಸೊಪ್ಪಿ ಮಾತ್ರ ಮಾರಬ್ಯಾಡ, ಮೊದ್ಲು ಒಂದು ಎಮ್ಮಿ ನೋಡು" ಅಂದಳು. ಎಮ್ಮೆ ಹುಡುಕುತ್ತಿದ್ದೇವೆ.