ಮುಚ್ಚಳ ತೆಗೆಯಲು ಹೇಳಿಕೊಡಿ: ಬ್ರೆಡ್ ಯಂತ್ರ ತಯಾರಕರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಮನೆಯಲ್ಲಿ ಬ್ರೆಡ್ ಮಾಡುವ ಯಂತ್ರಗಳನ್ನು ನೀವು ನಮಗೆ ಮಾರುವಾಗ ಹೇಳುವ ಮಾತಿನ ಸಾರ ಇಷ್ಟು: ಹಿಟ್ಟು, ನೀರು, ಉಪ್ಪು, ಯೀಸ್ಟ್ ಹಾಕಿ ಗುಂಡಿ ಒತ್ತಿ, ಆಮೇಲೆ ನಿಮ್ಮ ಪಾಡಿಗೆ ನೀವಿರಿ, ಕೈಗೆ ಹಿಟ್ಟು ಮೆತ್ತುವ ಪ್ರಶ್ನೆಯೇ ಇಲ್ಲ. ಆ ಕೊನೆಯ ಮಾತಿನ ಬಗ್ಗೆ ನನ್ನ ತಕರಾರಿದೆ. ನಿಮ್ಮ ಯಂತ್ರ ಬ್ರೆಡ್ ಮಾಡಲು ಕಲಿತದ್ದೇ ಹಿಟ್ಟು ಮೆತ್ತಿದ ಕೈಗಳಿಂದ.

1985ರ ಸುಮಾರಿಗೆ ಜಪಾನಿನ ಒಸಾಕಾದಲ್ಲಿ ಮತ್ಸುಶಿತ ಎಲೆಕ್ಟ್ರಿಕ್ ಕಂಪನಿಯವರು, ಅಂದರೆ ಈಗಿನ ಪ್ಯಾನಾಸೋನಿಕ್‌ನವರು, ಮನೆಬಳಕೆಯ ಬ್ರೆಡ್ ಯಂತ್ರಕ್ಕಾಗಿ ಹೆಣಗುತ್ತಿದ್ದರು. ಬ್ರೆಡ್ಡಿನ ಹೊರಮೈ ಅತಿಯಾಗಿ ಬೇಯುತ್ತಿತ್ತು, ಒಳಗೆ ಹಸಿಯೇ ಉಳಿಯುತ್ತಿತ್ತು. ಯಂತ್ರ ನಾದಿದ ಹಿಟ್ಟನ್ನೂ ನುರಿತವರು ನಾದಿದ ಹಿಟ್ಟನ್ನೂ ಎಕ್ಸ್‌-ರೇ ತೆಗೆದು ಹೋಲಿಸಿ ನೋಡಿದರು. ದಾರಿ ಕಾಣಲಿಲ್ಲ. ಆಗ ಸಾಫ್ಟ್‌ವೇರ್ ವಿಭಾಗದ ಇಕುಕೊ ತನಾಕಾ ಎಂಬ ಮಹಿಳೆ, ಊರಿನಲ್ಲೇ ಒಳ್ಳೆಯ ಬ್ರೆಡ್ಡಿಗೆ ಹೆಸರಾಗಿದ್ದ ಒಸಾಕಾ ಇಂಟರ್‌ನ್ಯಾಷನಲ್ ಹೋಟೆಲಿಗೆ ಹೋಗಿ ಅಲ್ಲಿನ ಮುಖ್ಯ ಬೇಕರ್ ಬಳಿ ಶಿಷ್ಯೆಯಾಗಿ ನಿಂತರು. ಆತ ಹಿಟ್ಟನ್ನು ಬರೀ ಒತ್ತುತ್ತಿರಲಿಲ್ಲ, ಎಳೆದು ತಿರುಚುತ್ತಿದ್ದ. ಅದು ಆತನೇ ಬಾಯಿಬಿಟ್ಟು ವಿವರಿಸಿದ್ದಲ್ಲ, ಈಕೆ ಪಕ್ಕದಲ್ಲಿ ನಿಂತು ನಾದುತ್ತಾ ನಾದುತ್ತಾ ಕಂಡುಕೊಂಡದ್ದು. ಎಂಜಿನಿಯರುಗಳೊಡನೆ ಸೇರಿ ವರ್ಷದುದ್ದ ಪ್ರಯೋಗ ನಡೆಸಿದ ಮೇಲೆ, ಪಾತ್ರೆಯ ಒಳಬದಿಗೆ ಏಣುಗಳನ್ನು ಕೂಡಿಸಿ ಆ ಎಳೆತವನ್ನು ಯಂತ್ರದೊಳಗೆ ತಂದರು. 1987ರಲ್ಲಿ ಯಂತ್ರ ಮಾರುಕಟ್ಟೆಗೆ ಬಂತು, ಅಡುಗೆಮನೆಯ ಹೊಸ ಉಪಕರಣವೊಂದರ ಮಟ್ಟಿಗೆ ದಾಖಲೆಯ ಮಾರಾಟವನ್ನೂ ಕಂಡಿತು.

ನಿರ್ವಹಣಾ ಶಾಸ್ತ್ರದ ವಿದ್ವಾಂಸ ಇಕುಜಿರೊ ನೊನಾಕಾ 1991ರಲ್ಲಿ ಈ ಪ್ರಸಂಗವನ್ನು ಬರೆದ ಮೇಲೆ ಅದು ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಹೆಸರಾಂತ ಉದಾಹರಣೆಯಾಯಿತು. ಕೈಯಲ್ಲಿದ್ದ ಅರಿವು ಯಂತ್ರಕ್ಕೆ ದಾಟಿತು ಎಂದು ಎಲ್ಲರೂ ಒಪ್ಪಿದರು. ನನಗೆ ಹೆಚ್ಚು ಮುಖ್ಯವೆನಿಸುವುದು 2007ರಲ್ಲಿ ಸಂಶೋಧಕರಾದ ರೊಡ್ರಿಗೊ ರಿಬೇರೊ ಮತ್ತು ಹ್ಯಾರಿ ಕಾಲಿನ್ಸ್ ಇದೇ ಯಂತ್ರವನ್ನು ಮುಂದಿಟ್ಟುಕೊಂಡು ಎತ್ತಿದ ಆಕ್ಷೇಪ. ಬೇಕರ್‌ನ ಅರಿವು ಪೂರ್ತಿಯಾಗಿ ಯಂತ್ರದೊಳಗೆ ಹೋಗಿಲ್ಲ, ಹೋಗಿರುವುದು ಕೆಲವು ಚಲನೆಗಳು ಮಾತ್ರ, ಬಾಕಿ ಕೊರತೆಯನ್ನು ಯಂತ್ರದ ಸುತ್ತ ಇರುವ ಮನುಷ್ಯರು ತುಂಬಿಕೊಡುತ್ತಾರೆ ಎಂಬುದು ಅವರ ವಾದ. ಅಳೆದು ಹಾಕುವವರು, ಯಾವ ಹಿಟ್ಟು ಎಂದು ಆರಿಸುವವರು, ಇವತ್ತು ಸೆಕೆ ಜಾಸ್ತಿ ಎಂದು ಗಮನಿಸುವವರು ನಾವೇ. ಅಡುಗೆಮನೆಯಲ್ಲಿ ನಿಂತವರಿಗೆ ಇದು ಗೊತ್ತಿರುವ ಸತ್ಯ. ನಿಮ್ಮ ಕೈಪಿಡಿಗಳು ಮಾತ್ರ ಇದನ್ನು ಹೇಳುವುದಿಲ್ಲ.

ನಾನು ನೋಡಿದ ಕೈಪಿಡಿಗಳಲ್ಲಿರುವ ಅಳತೆಗಳೆಲ್ಲ ಬಲವಾದ ಗ್ಲೂಟೆನ್ ಇರುವ ಬಿಳಿ ಬ್ರೆಡ್ ಹಿಟ್ಟಿಗೆ ಬರೆದವು. ಧಾರವಾಡದ ಮನೆಯೊಂದರಲ್ಲಿ ಇರುವುದು ಅದಲ್ಲ. ಇಲ್ಲಿರುವುದು ಗೋಧಿಯನ್ನು ಹಸನು ಮಾಡಿ ಗಿರಣಿಗೆ ಕೊಟ್ಟು ಬೀಸಿಸಿ ತಂದ ಹಿಟ್ಟು. ಗಿರಣಿಯ ಕಲ್ಲುಗಳ ಒತ್ತಡಕ್ಕೂ ಶಾಖಕ್ಕೂ ಗೋಧಿಯೊಳಗಿನ ಪಿಷ್ಟದ ಕಣಗಳು ಒಡೆಯುತ್ತವೆ. ಒಡೆದ ಪಿಷ್ಟ ಹೆಚ್ಚು ನೀರು ಕುಡಿಯುತ್ತದೆ. ಚಪಾತಿ ಮೆತ್ತಗಾಗುವುದು ಈ ಗುಣದಿಂದ, ಬ್ರೆಡ್ಡಿನ ಒಳಭಾಗ ಅಂಟಂಟಾಗುವುದೂ ಇದರಿಂದಲೇ. ಜೊತೆಗೆ ತೌಡು. ನೀರು ಬಿದ್ದಾಗ ಗ್ಲುಟೆನಿನ್, ಗ್ಲಿಯಾಡಿನ್ ಎಂಬ ಎರಡು ಪ್ರೋಟೀನುಗಳು ಕೂಡಿಕೊಂಡು ಹಿಟ್ಟಿಗೆ ಜಿಗಿ ಕೊಡುತ್ತವೆ, ಯೀಸ್ಟ್ ಬಿಡುವ ಗಾಳಿಯನ್ನು ಹಿಡಿದಿಡುವ ಬಲೆ ಅದೇ. ತೌಡಿನ ಚೂರುಗಳು ಆ ಬಲೆಯನ್ನು ಅಲ್ಲಲ್ಲಿ ಹರಿಯುತ್ತವೆ.

ಹೀಗಾಗಿ ಅರ್ಧ ಕಿಲೋ ಮೈದಾಕ್ಕೆ 300ರಿಂದ 325 ಮಿಲಿ ನೀರು ಸಾಕಾದರೆ, ಅಷ್ಟೇ ಗಿರಣಿ ಹಿಟ್ಟಿಗೆ 375 ಮಿಲಿ, ಕೆಲವೊಮ್ಮೆ 400 ಮಿಲಿ ಬೇಕಾಗುತ್ತದೆ. ಕೈಪಿಡಿಯ ಅಳತೆಯನ್ನೇ ನಂಬಿದವರಿಗೆ ಸಿಗುವುದು ಗಟ್ಟಿಮುಟ್ಟಾದ ಇಟ್ಟಿಗೆ. ಯಂತ್ರ ದಂಡವಾಯಿತೆಂದು ಅವರು ಅದನ್ನು ಅಟ್ಟದ ಮೇಲಿಡುತ್ತಾರೆ. ತಪ್ಪು ಅವರದಲ್ಲ, ಹಿಟ್ಟಿನದೂ ಅಲ್ಲ. ಹಿಟ್ಟು ನೀರನ್ನು ಅರ್ಧ ಗಂಟೆ ಮೊದಲೇ ಕಲಸಿಟ್ಟು, ತೌಡು ನೆನೆದ ಮೇಲೆ ಯೀಸ್ಟ್ ಹಾಕಿ ಎಂಬ ಒಂದು ಸಾಲು ಬರೆದಿದ್ದರೆ ಎಷ್ಟೋ ಯಂತ್ರಗಳು ಇವತ್ತಿಗೂ ಕೆಲಸ ಮಾಡುತ್ತಿದ್ದವು.

ಜವೆಗೋಧಿಯ ಮಾತೂ ಬರಲಿ. ಮಾದಲಿಗೆ, ಹುಗ್ಗಿಗೆ, ಶಾವಿಗೆಗೆ ಉತ್ತರ ಕರ್ನಾಟಕದವರು ಬಿಡದೆ ಉಳಿಸಿಕೊಂಡು ಬಂದ ಹಳೆಯ ಗೋಧಿ ಇದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದರಲ್ಲಿ ಡಿಡಿಕೆ 1025, ಡಿಡಿಕೆ 1029ರಂಥ ತಳಿಗಳನ್ನು ಕೊಟ್ಟಿದೆ. ರುಚಿ ಸೊಗಸು, ಆದರೆ ಇದರ ಗ್ಲೂಟೆನ್ ದುರ್ಬಲ. ಇದೊಂದರಿಂದಲೇ ಬ್ರೆಡ್ ಮಾಡಹೊರಟರೆ ಅಷ್ಟಾಗಿ ಉಬ್ಬುವುದಿಲ್ಲ. ಮೂರರಲ್ಲೊಂದು ಪಾಲು ಬೆರೆಸಿದರೆ ಚೆನ್ನ. ಜೋಳದ ಹಿಟ್ಟಿಗೆ ಜಿಗಿ ಸಾಲದೆಂದು ಕುದಿಯುವ ಎಸರು ಹಾಕಿ ನಾದಿ ರೊಟ್ಟಿ ಬಡಿಯುವ ಹೆಂಗಸರಿಗೆ ಇಷ್ಟನ್ನು ಅರ್ಥಮಾಡಿಸಲು ದೊಡ್ಡ ಉಪನ್ಯಾಸ ಬೇಕಿಲ್ಲ. ಹಿಟ್ಟಿನ ಸ್ವಭಾವ ನೋಡಿ ನೀರು ಹಾಕುವುದು ಅವರಿಗೆ ದಿನದ ಕೆಲಸ.

ನಾನು ಯಂತ್ರದ ವಿರೋಧಿಯಲ್ಲ. ಕೈಯಲ್ಲಿ ನಾದಿದ್ದೇ ನಿಜವಾದ ಬ್ರೆಡ್, ಯಂತ್ರದ್ದು ಸೋಮಾರಿಗಳದ್ದು ಎನ್ನುವವರ ಜೊತೆ ನಾನು ನಿಲ್ಲಲಾರೆ. ಸಂಧಿವಾತದಿಂದ ಬೆರಳು ಮಡಚಲಾಗದ ಹೆಂಗಸಿಗೆ, ಎಂಟು ಗಂಟೆ ದುಡಿದು ಮನೆಗೆ ಬಂದವರಿಗೆ, ಹದಿನೈದು ನಿಮಿಷದ ನಾದುವಿಕೆಯನ್ನು ತಾನು ವಹಿಸಿಕೊಳ್ಳುವ ಯಂತ್ರ ದೊಡ್ಡ ಉಪಕಾರ. ಅಷ್ಟಕ್ಕೂ ನಾದುವ ಶ್ರಮದಲ್ಲಿ ಪಾವಿತ್ರ್ಯವೇನೂ ಇಲ್ಲ. ನ್ಯೂಯಾರ್ಕಿನ ಬೇಕರ್ ಜಿಮ್ ಲೇಹಿಯ ನಾದದೆ ಮಾಡುವ ವಿಧಾನ 2006ರಲ್ಲಿ ಪತ್ರಿಕೆಯಲ್ಲಿ ಬಂದಾಗ ಲೋಕಕ್ಕೆ ತಿಳಿದದ್ದು ಅದೇ. ನೀರು ಹೆಚ್ಚಿರುವ ಹಿಟ್ಟಿಗೆ ಕಾಲು ಚಮಚ ಯೀಸ್ಟ್ ಹಾಕಿ ಹನ್ನೆರಡರಿಂದ ಹದಿನೆಂಟು ತಾಸು ಸುಮ್ಮನೆ ಬಿಟ್ಟರೆ ಜಿಗಿ ತಾನಾಗಿಯೇ ಬರುತ್ತದೆ. ಕೈ ಬೇಕಿರುವುದು ದುಡಿಯಲಿಕ್ಕಲ್ಲ, ಹದ ತಿಳಿಯಲಿಕ್ಕೆ.

ಹಾಗೆ ನೋಡಿದರೆ ಬ್ರೆಡ್ಡಿಗೆ ದೊಡ್ಡ ಅನ್ಯಾಯವಾದದ್ದು ಕಾರ್ಖಾನೆಯಲ್ಲಿ. 1961ರಲ್ಲಿ ಇಂಗ್ಲೆಂಡಿನ ಚಾರ್ಲಿವುಡ್‌ನಲ್ಲಿ ರೂಪುಗೊಂಡ ವಿಧಾನ, ಹಿಟ್ಟನ್ನು ಕೆಲವೇ ನಿಮಿಷ ಭಾರೀ ವೇಗದಲ್ಲಿ ತಿರುಗಿಸಿ, ಗಟ್ಟಿ ಕೊಬ್ಬು, ಆಸ್ಕಾರ್ಬಿಕ್ ಆಮ್ಲ, ಹೆಚ್ಚು ಯೀಸ್ಟ್ ಸೇರಿಸಿ, ತಾಸುಗಟ್ಟಲೆ ಹುದುಗುವ ಕಾಲವನ್ನೇ ಕಿತ್ತುಹಾಕಿತು. ನಮ್ಮಲ್ಲಿ ಹಿಟ್ಟು ಚೆನ್ನಾಗಿ ಉಬ್ಬಲೆಂದು ಪೊಟ್ಯಾಸಿಯಂ ಬ್ರೋಮೇಟ್ ಹಾಕುತ್ತಿದ್ದರು. 2016ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಪರೀಕ್ಷೆ ಹೊರಬಿದ್ದ ಮೇಲೆ, ಅದೇ ವರ್ಷ, ಅದಕ್ಕೆ ನಿಷೇಧ ಬಂತು. ನಿಮ್ಮ ಯಂತ್ರಕ್ಕೆ ಮಾತ್ರ ಮೂರು ನಾಲ್ಕು ತಾಸಿನ ತಾಳ್ಮೆಯಿದೆ. ನಾಲ್ಕೇ ಸಾಮಗ್ರಿಯಲ್ಲಿ ಅದು ಬ್ರೆಡ್ ಮಾಡಬಲ್ಲದು. ಇಂಥ ಒಳ್ಳೆಯ ಸಾಧನವನ್ನು ಜನ ಮೂಲೆಗಿಡುವಂತೆ ಆಗುತ್ತಿದೆಯಲ್ಲ ಎಂಬುದೇ ನನ್ನ ಸಂಕಟ.

ಹಾಗಾದರೆ ಏನು ಮಾಡಬೇಕು? ನಾದಲು ಶುರುವಾದ ಐದು ಹತ್ತು ನಿಮಿಷಕ್ಕೆ ಮುಚ್ಚಳ ತೆಗೆದು ನೋಡಿ ಎಂದು ಕೈಪಿಡಿಯ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆಯಿರಿ. ಮುಟ್ಟಿ ಎನ್ನಿ. ಉಂಡೆ ಪಾತ್ರೆಯ ಗೋಡೆಗೆ ಮೆತ್ತಿಕೊಂಡಿದ್ದರೆ ಒಂದು ಚಮಚ ಹಿಟ್ಟು, ಒಣಗಿ ಬಿರಿದು ಗಡಗಡ ಸದ್ದು ಮಾಡುತ್ತಿದ್ದರೆ ಒಂದು ಚಮಚ ನೀರು ಹಾಕಬೇಕು. ಮುಟ್ಟಿದರೆ ಮೆತ್ತಗಿದ್ದು, ಬೆರಳಿಗೆ ತುಸುವೇ ಅಂಟಿ ಬಿಟ್ಟುಕೊಂಡರೆ ಹದ ಸರಿಯಾಗಿದೆ. ನಾದುವ ಹಂತದಲ್ಲಿ ಮುಚ್ಚಳ ತೆಗೆದರೆ ಏನೂ ಕೆಡುವುದಿಲ್ಲ. ಬೇಯುವಾಗ ತೆಗೆಯಬಾರದು, ಅಷ್ಟೇ.

ಹವೆಯ ಬಗ್ಗೆಯೂ ಬರೆಯಿರಿ. ಏಪ್ರಿಲ್‌ನಲ್ಲಿ ಕಲಬುರಗಿಯ ಅಡುಗೆಮನೆಯಲ್ಲಿ, ಆಗತಾನೇ ಗಿರಣಿಯಿಂದ ಬಂದ ಬಿಸಿ ಹಿಟ್ಟಿಗೆ ನಲ್ಲಿಯ ಬೆಚ್ಚಗಿನ ನೀರು ಹಾಕಿದರೆ, ನಾದುವ ಬಿಸಿಯೂ ಸೇರಿ, ಹಿಟ್ಟು ನಿಮ್ಮ ಗಡಿಯಾರಕ್ಕಿಂತ ಮೊದಲೇ ಉಬ್ಬಿ ಕುಸಿದಿರುತ್ತದೆ. ಅಲ್ಲಿ ಫ್ರಿಜ್ಜಿನ ನೀರು ಬೇಕು, ಯೀಸ್ಟ್ ಕಡಿಮೆ ಬೇಕು. ಡಿಸೆಂಬರಿನ ಮಡಿಕೇರಿಯಲ್ಲಿ ಇದರ ತಿರುಗುಮುರುಗು. ಕರೆಂಟು ಹೋದರೆ ಕೆಲವು ಯಂತ್ರಗಳು ಹತ್ತು ನಿಮಿಷದವರೆಗೆ ನೆನಪಿಟ್ಟುಕೊಂಡು ಮುಂದುವರಿಯುತ್ತವೆ, ಆಮೇಲೆ ಎಲ್ಲ ಮರೆತು ಮೊದಲಿನಿಂದ ಶುರು. ನಮ್ಮ ಹಳ್ಳಿಗಳಲ್ಲಿ ಹತ್ತು ನಿಮಿಷಕ್ಕೆ ಬರುವ ಕರೆಂಟು ಎಲ್ಲಿದೆ? ಒಂದು ತಾಸಿನ ನೆನಪಾದರೂ ಇರಲಿ. ಅದಾಗದಿದ್ದರೆ, ಅರ್ಧಕ್ಕೆ ನಿಂತ ಹಿಟ್ಟನ್ನು ಹೊರತೆಗೆದು ಓವನ್ನಿನಲ್ಲೋ, ಉಪ್ಪು ಹರಡಿ ಕಾಯಿಸಿದ ಕುಕ್ಕರಿನಲ್ಲೋ ಬೇಯಿಸಿಕೊಳ್ಳುವ ಬಗೆಯನ್ನಾದರೂ ತಿಳಿಸಿ.

ಅಳತೆಗಳನ್ನು ಕಪ್ಪಿನಲ್ಲಲ್ಲ, ಗ್ರಾಮಿನಲ್ಲಿ ಕೊಡಿ. ಕಪ್ಪಿಗೆ ಹಿಟ್ಟನ್ನು ಅದುಮಿ ತುಂಬಿದವರದು ಒಂದು ತೂಕ, ಉದುರಿಸಿ ತುಂಬಿದವರದು ಇನ್ನೊಂದು. ಮತ್ತು ಇದೆಲ್ಲವನ್ನೂ ಕನ್ನಡದಲ್ಲಿ ಅಚ್ಚುಹಾಕಿಸಿ. ಈ ನೆಲದ ಹಿಟ್ಟುಗಳ ಸ್ವಭಾವ ತಿಳಿಯಲು ನೀವು ದೂರ ಹೋಗಬೇಕಾಗಿಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಹಿಟ್ಟು ಬೀಸುವುದಕ್ಕೆ, ಬೇಕರಿ ತಂತ್ರಜ್ಞಾನಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಅವರನ್ನು ಕೇಳಿ. ಅದಕ್ಕೂ ಮೊದಲು ನಿಮ್ಮ ಎಂಜಿನಿಯರುಗಳಲ್ಲಿ ಒಬ್ಬರನ್ನಾದರೂ ಇಲ್ಲಿನ ಒಂದು ಮನೆಗೆ ಕಳುಹಿಸಿ. ಗಿರಣಿ ಹಿಟ್ಟನ್ನು ದಿನವೂ ನಾದುವವರ ಪಕ್ಕದಲ್ಲಿ ಅವರು ಕೆಲವು ವಾರ ನಿಲ್ಲಲಿ, ತಾವೂ ನಾದಲಿ, ಆಮೇಲೆ ಕೈಪಿಡಿ ಬರೆಯಲಿ.

ಇಂತಿ,
ನಿಮ್ಮ ಯಂತ್ರವನ್ನು ಬಳಸುವ ಒಬ್ಬ ಗ್ರಾಹಕಿ,
ಧಾರವಾಡ