ಕೂತಲ್ಲೇ ಮುಪ್ಪಾಗುವ ಟೈರು

ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂದ ನಮ್ಮ ಹಿರಿಯರು ಅಮೆರಿಕದ ಬೋಟ್ ಟ್ರೈಲರನ್ನು ಕಂಡಿರಲಾರರು. ಆದರೂ ಗಾದೆ ಅದಕ್ಕೆ ಅಳತೆ ಕೊಟ್ಟು ಹೊಲಿಸಿದಂತಿದೆ. ಸರೋವರಗಳ ಸೀಮೆಯಾದ ಮಿನ್ನೆಸೋಟದಲ್ಲಿ ಈ ಗಾಡಿ ಚಳಿಗಾಲವಿಡೀ ದೋಣಿಯನ್ನು ಹೊತ್ತು ಸುಮ್ಮನೆ ನಿಂತಿರುತ್ತದೆ. ಬೇಸಿಗೆಯಲ್ಲಿ ನಾಲ್ಕಾರು ಸಲ ನೀರಿನವರೆಗೆ ಹೋಗಿಬಂದರೆ ಅದರ ವರ್ಷದ ದುಡಿಮೆ ಮುಗಿಯಿತು. ಯಜಮಾನ ನೋಡುತ್ತಾನೆ, ಗ್ರಿಪ್ ಅಂಗಡಿಯಿಂದ ತಂದ ಹಾಗೇ ಇದೆ. ಅಲ್ಲಿನ ವಾಡಿಕೆಯಂತೆ ಒಂದು ಸೆಂಟಿನ ನಾಣ್ಯವನ್ನು ತಲೆಕೆಳಗಾಗಿ ಗ್ರಿಪ್ಪಿನ ಸಂದಿಗೆ ಇಳಿಸುತ್ತಾನೆ; ಅದರ ಮೇಲಿನ ಲಿಂಕನ್ನರ ನೆತ್ತಿ ಮುಳುಗಿದರೆ ಟೈರು ಪಾಸು. ಲಿಂಕನ್ ಸುಳ್ಳು ಹೇಳುವವರಲ್ಲ, ಆದರೆ ಅವರನ್ನು ಕೇಳಿದ ಪ್ರಶ್ನೆಯೇ ಬೇರೆ. ಸವೆತ ಓಡುವ ಟೈರಿನ ಕಾಯಿಲೆ, ನಿಂತ ಟೈರಿಗೆ ಬರುವುದು ಮುಪ್ಪು.

ರಬ್ಬರನ್ನು ಗಂಧಕದೊಡನೆ ಬೇಯಿಸಿ ಹದಮಾಡುವ ವಿದ್ಯೆ ಚಾರ್ಲ್ಸ್ ಗುಡ್‌ಇಯರ್‌ಗೆ 1839ರಲ್ಲಿ ಒಲಿಯಿತು. ಒಲೆಯಿಂದ ಇಳಿಸಿದ ಮೇಲೂ ಆ ಅಡುಗೆ ಸುಮ್ಮನಿರುವುದಿಲ್ಲ. ಶಾಖ, ಆಮ್ಲಜನಕ ಸೇರಿ ರಬ್ಬರು ಗಡುಸಾಗುತ್ತಲೇ ಹೋಗುತ್ತದೆ, ಓಝೋನ್ ಮೇಲ್ಮೈಯನ್ನು ಸೀಳುತ್ತದೆ. ಇದನ್ನು ತಡೆಯಲೆಂದು ರಬ್ಬರಿನಲ್ಲಿ ಮೇಣ ಬೆರೆಸಿರುತ್ತಾರೆ. ಟೈರು ಉರುಳಿ ಬಳುಕಿದಂತೆಲ್ಲ ಅದು ಒಳಗಿನಿಂದ ಹೊರಚರ್ಮಕ್ಕೆ ಬರುತ್ತದೆ. ನಿಂತವನಿಗೆ ಈ ಎಣ್ಣೆಸ್ನಾನ ಸರಿಯಾಗಿ ಆಗುವುದೇ ಇಲ್ಲ. ಬಗ್ಗಿ ನೋಡಿದರೆ ಟೈರಿನ ಪಕ್ಕೆಯಲ್ಲಿ ನೀರು ಬತ್ತಿದ ಕೆರೆಯಂಗಳದಂಥ ಬಿರುಕುಗಳು. ದೋಣಿ ಹೊರುವವನ ಮೈಮೇಲೆ ಬರಗಾಲ! ಅದೇ ಪಕ್ಕೆಯ ಮೇಲೆ ಡಿಓಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳೇ ಜಾತಕ: 2318 ಎಂದರೆ 2018ರ 23ನೇ ವಾರದ ಕೂಸು. ಈ ಅಂಕಿಗಳು ಅನೇಕ ಸಲ ಒಳಮಗ್ಗುಲಲ್ಲೇ ಇರುವುದರಿಂದ ಜಾತಕ ಓದಲು ಗಾಡಿಯ ಕೆಳಗೆ ಅಂಗಾತ ಮಲಗಬೇಕಾಗುತ್ತದೆ.

ಇದೆಲ್ಲ ಟೈರು ಮಾರುವವರ ಹುನ್ನಾರ ಎನ್ನುವವರಿದ್ದಾರೆ. ಅನುಮಾನ ಆರೋಗ್ಯಕರವೇ. ಆರು ವರ್ಷ ತುಂಬಿದ ದಿನ ಟೈರು ಢಮ್ಮೆನ್ನುತ್ತದೆಂದು ಯಾರೂ ಹೇಳುತ್ತಿಲ್ಲ. ಆರರ ನಂತರ ಬದಲಿಸಿ ಎಂದು ಹಲವು ಕಾರು ಕಂಪನಿಗಳು ಹೇಳಿದರೆ, ಹತ್ತರ ಮೇಲೆ ಬೇಡವೇ ಬೇಡ ಎಂದು ಟೈರು ಮಾಡುವವರು ಹೇಳುತ್ತಾರೆ. ಮಾರಿದವನೇ ಇನ್ನೂ ನಾಲ್ಕು ವರ್ಷ ಚೌಕಾಸಿಗೆ ಬಿಟ್ಟಿದ್ದಾನಲ್ಲ! ಓಡುವುದೇ ಇಷ್ಟು ದೂರ ಎಂಬುದು ಇನ್ನೊಂದು ವಾದ, ಇದಕ್ಕೆ ತೂಕವಿದೆ. ಆದರೆ ಆ ಇಷ್ಟು ದೂರ ಎಂಥದ್ದು? ಜುಲೈ ಬಿಸಿಲು, ತುಂಬು ಹೊರೆ, ಹೆದ್ದಾರಿಯ ವೇಗ. ಚಿಕ್ಕ ಚಕ್ರ ಅದೇ ದೂರಕ್ಕೆ ಕಾರಿನದಕ್ಕಿಂತ ಹೆಚ್ಚು ಸುತ್ತು ಸುತ್ತಬೇಕು. ಗಾಳಿ ಕಡಿಮೆಯಿದ್ದರೆ ಪಕ್ಕೆ ಬಳುಕಿ ಬಳುಕಿ ಕಾಯುತ್ತದೆ. ಹಲವು ಟ್ರೈಲರ್ ಟೈರುಗಳಿಗೆ ಗಂಟೆಗೆ 65 ಮೈಲಿಯ ಮಿತಿಯೆಂದು ಎಳೆಯುವ ಕಾರಿಗೆ ಹೇಗೆ ಗೊತ್ತಾಗಬೇಕು? ಎಂಟು ತಿಂಗಳು ಸೋಫಾದಲ್ಲಿದ್ದವನನ್ನು ಎಬ್ಬಿಸಿ ನೇರ ಮ್ಯಾರಥಾನಿಗೆ ನಿಲ್ಲಿಸಿದಂತೆ. ಕವರು ಹೊದಿಸಿದ್ದೇವೆ ಎಂದರೆ ಬಿಸಿಲೇನೋ ತಪ್ಪಿತು. ಒಳಗೆ ಒತ್ತಿ ತುಂಬಿದ ಗಾಳಿಯಲ್ಲೂ ಆಮ್ಲಜನಕ ಇದೆಯಲ್ಲ.

ದೋಣಿಯಿಲ್ಲದ ನಾವು ನಗಬಹುದು, ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲದಿದ್ದರೆ. ವೇಲ್ಸ್‌ನ ಲಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಿಂದ 1904ರ ಸುಮಾರಿಗೆ ಹೊರಟ ಈ ಹೆಸರು ನಮ್ಮ ಪಂಕ್ಚರ್ ಅಂಗಡಿಯವರ ಬಾಯಲ್ಲಿ ಅಚ್ಚಗನ್ನಡವಾಗಿದೆ. ಉಳಿದ ನಾಲ್ವರು ಸವೆದು ಎರಡು ಸಲ ಬದಲಾದರೂ ಐದನೆಯವನು ಗಾಡಿ ಕೊಂಡ ದಿನದವನೇ. ಮನೆಗೆಲ್ಲ ಹಿರಿಯನಾದ ಅವನನ್ನು, ಗಾಳಿ ಇದೆಯೋ ಇಲ್ಲವೋ ಎಂದೂ ಕೇಳದೆ, ಸೂಟ್‌ಕೇಸುಗಳ ಅಡಿಯಿಂದ ಎಬ್ಬಿಸುವುದು ಶಿರಾಡಿ ಘಾಟಿಯ ಮಳೆಯಲ್ಲಿ.